ಒಂದು ಬಟ್ಟು ಹೆಚ್ಚಿಗೆ

ಪಕ್ಕದ ಸೀಟಿನಲ್ಲಿ ಕುಳಿತು ಹೆದರುವುದಕ್ಕಿಂತ ಸ್ಟೇರಿಂಗ್ ಹಿಡಿದುಕೊಂಡು ಹೆದರುವುದು ಮೇಲು ಎಂದು ನನಗೆ ಅನ್ನಿಸಿದ್ದು ಎಂಬತ್ತೇಳನೆಯ ಇಸವಿಯ ಬೇಸಿಗೆಯಲ್ಲಿ. ಅದಕ್ಕೂ ಒಂದು ವರ್ಷದ ಹಿಂದೆ ನಮ್ಮವರು ಸೊಲ್ಲಾಪುರದ ವ್ಯಾಪಾರಿಯೊಬ್ಬರಿಂದ ಹಳೆಯ ಅಂಬಾಸಿಡರ್ ಕೊಂಡು ತಂದಿದ್ದರು. ಅಫಜಲಪುರದಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ಗಾಡಿ ನಡೆಸುವಾಗಲೂ ಅವರ ಮನಸ್ಸು ಅಂಗಡಿಯಲ್ಲೇ ಇರುತ್ತಿತ್ತು. ದಾರಿಯಲ್ಲಿ ತೊಗರಿ ಕಂಡರೆ ಮುಖ ತೊಗರಿಯ ಕಡೆ ತಿರುಗುತ್ತಿತ್ತು, ಸೂರ್ಯಕಾಂತಿ ಕಂಡರೆ ಸೂರ್ಯಕಾಂತಿಯ ಕಡೆ. ಮುಖದ ಹಿಂದೆಯೇ ಗಾಡಿಯೂ ತಿರುಗುತ್ತಿತ್ತು. ನಾನು "ಎಮ್ಮಿ, ಎಮ್ಮಿ" ಎಂದು ಕೂಗಿದರೆ, "ನನಗ ಕಾಣಂಗಿಲ್ಲೇನು? ಸುಮ್ನ ಕೂಡು" ಎನ್ನುತ್ತಿದ್ದರು. ಎಮ್ಮೆ ಅವರಿಗೆ ಕಂಡಿರುತ್ತಿರಲಿಲ್ಲ.

ಗಾಡಿ ಕಲಿಯುತ್ತೇನೆ ಎಂದಾಗ ಅವರು ನಕ್ಕರು, ಬೇಡ ಎನ್ನಲಿಲ್ಲ. ಬಸ್ ನಿಲ್ದಾಣದ ಹಿಂದೆ ಗ್ಯಾರೇಜು ಇಟ್ಟುಕೊಂಡಿದ್ದ ಹುಸೇನಸಾಬರು ಕಲಿಸಲು ಒಪ್ಪಿದರು. ಅವರು ನಮ್ಮ ಮಾವನವರ ವಯಸ್ಸಿನವರು. ಆದರೂ ಪರಗಂಡಸಿನ ಜೊತೆ ಸೊಸೆ ಒಬ್ಬಳೇ ಗಾಡಿಯಲ್ಲಿ ಹೋಗುವುದು ಹೇಗೆ ಎಂದು ಅತ್ತೆ ಸುಭದ್ರಾಬಾಯಿ ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳತೊಡಗಿದರು. ನಾನು ಪಾಠ ಹೇಳುತ್ತಿದ್ದ ಶಾಲೆಯಿಂದ ಬರುವಷ್ಟರಲ್ಲಿ ಅವರು ತಲೆ ಬಾಚಿಕೊಂಡು, ಎಲೆಯಡಿಕೆ ಚೀಲ ಹಿಡಿದುಕೊಂಡು ತಯಾರಾಗಿರುತ್ತಿದ್ದರು. ಸೊನ್ನ ಎಂಬ ಹಳ್ಳಿಯ ದಾರಿಯಲ್ಲಿ ಒಂದಷ್ಟು ದೂರ ಹೋಗಿ ಬರುವುದು. ಹುಸೇನಸಾಬರು ಕಲಿಸಿದ್ದರಲ್ಲಿ ಅರ್ಧವನ್ನು ಅತ್ತೆ ಹಿಂದಿನಿಂದ ಇನ್ನೊಮ್ಮೆ ಹೇಳುತ್ತಿದ್ದರು. ಶ್ರಾವಣದ ಹೊತ್ತಿಗೆ ಅವರಿಗೂ ಗೇರು ಬದಲಿಸುವ ವೇಳೆ ಗೊತ್ತಾಗಿತ್ತು.

ನಮ್ಮವರ ನಗೆ ಹೆಚ್ಚು ದಿನ ಉಳಿಯಲಿಲ್ಲ. ನಾನು ಕಲಿಯತೊಡಗಿದ ಮೇಲೆ ಪಕ್ಕದಲ್ಲಿ ಕುಳಿತಾಗ ನನ್ನ ಮಾತು ಇನ್ನೂ ಹೆಚ್ಚಾಯಿತು. ಮೊದಲು ಎಮ್ಮೆ ಮಾತ್ರ ಹೇಳುತ್ತಿದ್ದವಳು ಈಗ ಕ್ಲಚ್ಚನ್ನೂ ಹೇಳುತ್ತಿದ್ದೆ. ಕೊನೆಗೆ ಒಂದು ದಿನ ಅವರು ಊಟದ ತಾಟಿನ ಮುಂದೆ ಕುಳಿತು ತೀರ್ಮಾನ ಹೇಳಿದರು.

"ನಿನ್ನ ಎಲ್ ಬೋರ್ಡಿನ ಮುದ್ದತು ಸಪ್ಟೆಂಬರಿಗೆ ಮುಗೀತದ. ಅಷ್ಟರಾಗ ಲೈಸನ್ಸ್ ಬಂತಂದ್ರ ಗಾಡಿ ನೀನ ಹೊಡಿ, ನಾ ಪಕ್ಕಕ್ಕ ಕೂಡ್ತೇನಿ. ಬರಲಿಲ್ಲಂದ್ರ ಗಾಡಿ ಜೇವರ್ಗಿ ಬಸವಂತರಾಯಗ ಕೊಟ್ಟು ಬಿಡ್ತೇನಿ. ಅಂವ ಕೇಳಾಕತ್ತು ಭಾಳ ದಿನ ಆತು. ಬಸ್ಸಿನ್ಯಾಗ ಹೋಗೋಣು. ಡ್ರೈವರಗ ಬೈಯಾಕ ನಿನಗ ಧೈರ್ಯ ಆಗಂಗಿಲ್ಲ, ನನಗ ಆರಾಮ."

ಅವರು ಹೇಳಿದ್ದನ್ನು ಮಾಡುವವರು. ಗಾಡಿ ಹೋದರೆ ಮತ್ತೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಲೈಸೆನ್ಸಿನ ಇನ್‌ಸ್ಪೆಕ್ಟರು ಗುಲಬರ್ಗಾದಿಂದ ತಿಂಗಳಿಗೊಮ್ಮೆ ಒಂದೊಂದು ತಾಲೂಕಿಗೆ ಬರುತ್ತಿದ್ದರು. ಆಗಸ್ಟಿನಲ್ಲಿ ಅವರ ಕ್ಯಾಂಪು ಜೇವರ್ಗಿಯಲ್ಲಿತ್ತು. ಅವರು ತುಮಕೂರಿನ ಕಡೆಯವರು, ಬಿಸಿಲಿಗೆ ಬೇಸತ್ತವರು. ಕೊರಳಿಗೆ ಒದ್ದೆ ಕರವಸ್ತ್ರ ಸುತ್ತಿಕೊಂಡು ಒಂದೊಂದೇ ಗಾಡಿ ನೋಡುತ್ತ ಬಂದರು. ನಮ್ಮ ಗಾಡಿಯ ಹಾರ್ನ್ ಹೊಡೆಸಿದರು, ದೀಪ ಹಚ್ಚಿಸಿದರು, ಮುಂದಿನ ಗಾಜಿನ ಹತ್ತಿರ ಬಂದು ನಿಂತರು.

"ಏನಮ್ಮಾ ಇದು? ವೈಪರ್ ಅಂತ ಬರೀ ಕಡ್ಡಿ ಇದೆ. ಬ್ಲೇಡೆಲ್ಲಿ?"

"ಕಳುವಾಗ್ಯಾವ್ರಿ."

"ಯಾವಾಗ?"

"ಮೇ ತಿಂಗಳದಾಗ್ರಿ."

"ಇದು ಯಾವ ತಿಂಗಳು?"

ಹಿಂದಿನ ಸೀಟಿನಿಂದ ಅತ್ತೆ ಮುಖ ಹೊರಗೆ ಹಾಕಿದರು. "ಮಳಿನ ಬಂದಿಲ್ರೀ ಸಾಹೇಬ್ರ. ಮಳಿ ಬರಲಿ, ಅವೂ ಬರ್ತಾವ."

"ನಿಮ್ಮೂರಲ್ಲಿ ಮಳೆ ಮುಂಚೆ ಹೇಳಿ ಬರುತ್ತಾ ಅಜ್ಜಿ?"

ಅವರು ನನ್ನನ್ನು ಪರೀಕ್ಷೆಗೆ ಕೂರಿಸಲಿಲ್ಲ. "ಮುಂದಿನ ತಿಂಗಳು ನಿಮ್ಮೂರಿಗೇ ಬರ್ತೀನಿ. ಎರಡೂ ಬ್ಲೇಡು ಹಾಕಿಸಿಕೊಂಡು ಬನ್ನಿ" ಎಂದು ಮುಂದಿನ ಟೆಂಪೋದ ಕಡೆ ಹೋದರು. ನಮ್ಮವರು ಅಫಜಲಪುರದವರೆಗೂ ಮಾತಾಡದೆ ಗಾಡಿ ನಡೆಸಿದರು. ಅದೊಂದು ದಿನ ನಾನೂ ಎಮ್ಮೆಗಳನ್ನು ಹೇಳಲಿಲ್ಲ.

ಬ್ಲೇಡುಗಳು ಹೋದದ್ದು ಆಳಂದದಲ್ಲಿ, ಒಂದು ಮದುವೆಯ ಮನೆಯ ಮುಂದೆ. ಗಾಡಿ ನಿಲ್ಲಿಸಿದಾಗ ವೈಪರಿನ ಬ್ಲೇಡು ಕಿತ್ತು ಸೀಟಿನ ಕೆಳಗೆ ಇಡುವುದು ನಮ್ಮ ಕಡೆಯ ಡ್ರೈವರುಗಳ ರೂಢಿ. ಹುಸೇನಸಾಬರು ಅದನ್ನು ಹೇಳಿದ್ದರು. "ಬೀಗರ ಮನಿ ಮುಂದ ಯಾರ್ ಕಳು ಮಾಡ್ತಾರ?" ಎಂದು ನಮ್ಮವರು ಹಾಗೇ ಬಿಟ್ಟಿದ್ದರು. ಊಟ ಮುಗಿಸಿ ಬಂದಾಗ ಎರಡೂ ಇರಲಿಲ್ಲ. "ಇಷ್ಟು ಮಂದಿ ಮದುವ್ಯಾಗ ಚಪ್ಪಲಿ ಉಳದು ವೈಪರ ಹೋದ್ವು" ಎಂದು ಅತ್ತೆ ತಿಂಗಳುಗಟ್ಟಲೆ ಆಶ್ಚರ್ಯಪಟ್ಟರು.

ಈಗ ಹೊಸವನ್ನು ತರಿಸಬೇಕು. ಎಷ್ಟು ಉದ್ದದವು ಎನ್ನುವುದೇ ತೊಡಕು. ಅಂಬಾಸಿಡರಿನವು ಎಂದರೆ ಅಂಗಡಿಯವರು ಕೊಟ್ಟಾರು ಎಂದು ನಾನು ತಿಳಿದಿದ್ದೆ. ಹುಸೇನಸಾಬರು ಕಡ್ಡಿಗಳನ್ನು ಎತ್ತಿ ನೋಡಿ ತಲೆಯಾಡಿಸಿದರು.

"ಇವು ಈ ಗಾಡಿ ಕಡ್ಡಿ ಅಲ್ರಿ ಅಕ್ಕಾರ. ಸೊಲ್ಲಾಪುರದಾಗ ಯಾವುದೋ ಬ್ಯಾರೆ ಗಾಡಿದು ತಂದು ಜಡದಾರ. ಗಾಡಿ ಹೆಸರು ಹೇಳಿ ತಂದ್ರ ಕೂಡಂಗಿಲ್ಲ. ಅಳತಿ ತಗೀಬೇಕು."

"ಅಳತಿ ಹಿಡಿಯಾಕ ಹಳೇವು ಎಲ್ಲಿ ಅದಾವ್ರಿ?"

"ಅದ ಮುಶ್ಕಿಲ್ ನೋಡ್ರಿ."

ಸಣ್ಣದಾದರೆ ಗಾಜಿನ ಮೇಲೆ ಒರೆಸದ ಪಟ್ಟಿ ಉಳಿಯುತ್ತದೆ, ನೋಟ ಸರಿಯಾಗಿ ಬೀಳಬೇಕಾದ ಕಡೆಯೇ. ದೊಡ್ಡದಾದರೆ ಮೇಲಿನ ಅಂಚಿಗೆ ಬಡಿಯುತ್ತದೆ, ಇಲ್ಲವೇ ಎರಡೂ ಒಂದರ ಮೇಲೊಂದು ಏರುತ್ತವೆ. ಇಷ್ಟನ್ನು ಹುಸೇನಸಾಬರು ತಮ್ಮ ಎರಡು ಕೈ ಎದುರುಬದುರು ಬೀಸಿ ತೋರಿಸಿದರು. ಆ ಸಂಜೆ ಗಾಡಿಯೊಳಗೆ ಸುಮ್ಮನೆ ಕುಳಿತು ಗಾಜು ನೋಡುತ್ತಿದ್ದೆ. ಇಳಿಬಿಸಿಲು ಓರೆಯಾಗಿ ಬಿದ್ದಾಗ ಗಾಜಿನ ಮೇಲೆ ಬೀಸಣಿಕೆಯ ಆಕಾರದ ತೆಳುವಾದ ಗೆರೆಗಳು ಕಂಡವು. ಹಳೆಯ ರಬ್ಬರು ಒಣಗಿ ವರ್ಷಗಟ್ಟಲೆ ತಿಕ್ಕಿ ಮಾಡಿದ ಗೀರುಗಳು ಅವು. ಒಳಗಿನ ಗೀರಿನಿಂದ ಹೊರಗಿನ ಗೀರಿನವರೆಗಿನ ಅಂತರವೇ ಬ್ಲೇಡಿನ ಉದ್ದ. ಶಾಲೆಯ ಸ್ಕೇಲು ತಂದು ಅಳೆದೆ. ನಂಬಿಕೆ ಬರಲಿಲ್ಲ, ಮರುದಿನ ಬೆಳಗಿನ ಬಿಸಿಲಲ್ಲಿ ಮತ್ತೆ ಅಳೆದೆ. ಒಂದೇ ಲೆಕ್ಕ ಬಂತು.

ಅಫಜಲಪುರದಲ್ಲಿ ಟ್ರ್ಯಾಕ್ಟರಿನ ಸಾಮಾನು ಸಿಗುತ್ತಿತ್ತು, ಕಾರಿನದು ಸಿಗುತ್ತಿರಲಿಲ್ಲ. ಹಿಂಗಾರಿ ಬಿತ್ತನೆಯ ದಿನಗಳು. ಅಂಗಡಿ ಬಿಟ್ಟು ನಮ್ಮವರು ಗುಲಬರ್ಗಾಕ್ಕೆ ಹೋಗುವಂತಿರಲಿಲ್ಲ. ಅಲ್ಲಿಂದ ಏನು ಬೇಕಾದರೂ ನಮ್ಮ ಓಣಿಯ ಬಸ್ ಕಂಡಕ್ಟರ್ ದೊಡ್ಡಪ್ಪ ಎಂಬವನೇ ತರಬೇಕು. ಔಷಧ, ಕನ್ನಡಕ, ಮದುಮಗಳ ಬಳೆ, ಹೊಲಿಗೆ ಯಂತ್ರದ ಪಟ್ಟಿ, ಎಲ್ಲವೂ ಅವನ ಸೀಟಿನ ಕೆಳಗೆ ಕುಳಿತು ಊರಿಗೆ ಬಂದಂಥವು. ನಾನು ಅವನಿಗೆ ಇಂಚಿನ ಲೆಕ್ಕ ಹೇಳಿದೆ.

"ಇಂಚು ಗಿಂಚು ನನ್ನ ತಲ್ಯಾಗ ನಿಂದ್ರಂಗಿಲ್ರಿ ಅಕ್ಕಾರ. ಟಿಕೇಟಿನ ಲೆಕ್ಕದಾಗ ಕೂಡಿ ಹೋಗ್ತಾವ. ದಾರ ಕೊಡ್ರಿ. ದಾರ ಸುಳ್ಳು ಹೇಳಂಗಿಲ್ಲ."

ನಮ್ಮಲ್ಲಿ ಎಲ್ಲರೂ ದೂರದ ಪೇಟೆಗೆ ಅಳತೆ ಕಳಿಸುವುದು ದಾರದಲ್ಲಿಯೇ. ಆದ್ದರಿಂದ ನನಗೂ ಅದು ಸರಿ ಅನ್ನಿಸಿತು. ಸ್ಕೇಲಿಗೆ ಹಿಡಿದು ಬಿಳಿ ದಾರ ಕತ್ತರಿಸಿ, ದೊಡ್ಡಪ್ಪ ಬೆಳಿಗ್ಗೆ ಬಂದಾಗ ಕೊಡಿರೆಂದು ಅತ್ತೆಯ ಕೈಗೆ ಇಟ್ಟು ಶಾಲೆಗೆ ಹೋದೆ.

ಬ್ಲೇಡುಗಳು ಬಂದದ್ದು ಕ್ಯಾಂಪಿನ ಹಿಂದಿನ ಸಂಜೆ. ಅಂಗಡಿಯಲ್ಲಿ ಮುಗಿದು ಹೋಗಿದ್ದವಂತೆ, ಹೊಸ ಮಾಲು ಬರುವವರೆಗೆ ದೊಡ್ಡಪ್ಪ ದಿನವೂ ಕೇಳಿ ಬರುತ್ತಿದ್ದ. ಹುಸೇನಸಾಬರು ಬಂದು ಅಂಗಳದಲ್ಲಿಯೇ ಎರಡನ್ನೂ ಕೂರಿಸಿದರು. ಕಪ್ಪಗೆ ಹೊಳೆಯುತ್ತಿದ್ದವು. ನಮ್ಮವರು "ಚಂದ ಅದಾವ" ಎಂದರು. ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಒಂದು ಕೊಡ ನೀರು ತಂದು ಗಾಜಿನ ಮೇಲೆ ಸುರಿದು, ಒಳಗೆ ಕುಳಿತು ಗುಂಡಿ ಎಳೆದೆ.

ಎಡಗಡೆಯದು ಏಳುವ ಮೊದಲೇ ಬಲಗಡೆಯದು ಅದರ ಮೇಲೆ ಏರಿತು. ಎರಡೂ ಗಾಜಿನ ನಡುವೆ ಕೊಂಬು ಸಿಕ್ಕಿಸಿಕೊಂಡ ಕೋಣಗಳ ಹಾಗೆ ನಿಂತು ನಡುಗಿದವು. ಒಳಗಿನ ಮೋಟಾರು ಗುಂಯ್ ಎಂದಿತು. ಹುಸೇನಸಾಬರು "ಬಂದ್ ಮಾಡ್ರಿ, ಬಂದ್ ಮಾಡ್ರಿ" ಎಂದು ಕೈ ಬೀಸಿದರು.

"ಉದ್ದ ಆಗ್ಯಾವ" ಎಂದೆ.

"ದಾರ ಹಚ್ಚೇ ತಂದೇನ್ರಿ" ಎಂದ ದೊಡ್ಡಪ್ಪ. "ಅಂಗಡ್ಯಾಗ ದಾರಕ್ಕಿಂತ ಒಂದು ಬಟ್ಟು ಕಮ್ಮಿದು ಇತ್ತು, ಒಂದು ಬಟ್ಟು ಜಾಸ್ತಿದು ಇತ್ತು. ಕಮ್ಮಿದು ತಂದು ನಿಮ್ಮ ಕಡೆ ಅನಿಸಿಕೊಳ್ಳಲೇನು? ಮ್ಯಾಲ ಸಾಹುಕಾರ್ರು ಬಸ್‌ಸ್ಟ್ಯಾಂಡಿನ್ಯಾಗ ಹೇಳಿದ್ರು, ದೊಡ್ಡದ ನೋಡಿ ತಗೋ ಅಂತ."

ನಾನು ನಮ್ಮವರ ಕಡೆ ನೋಡಿದೆ.

"ಹೌದು ಹೇಳಿದೆ. ಗಾಜು ಎಷ್ಟು ದೊಡ್ಡದದ! ಒಂದಿಷ್ಟು ಹೆಚ್ಚು ಒರಸಲಿ ಅಂದೆ. ತಪ್ಪೇನದ ಅದರಾಗ?"

ದೊಡ್ಡಪ್ಪ ಸಾಕ್ಷಿಗೆಂದು ಜೇಬಿನಿಂದ ದಾರ ತೆಗೆದ. ನಾನು ಅದನ್ನು ಸ್ಕೇಲಿಗೆ ಹಿಡಿದೆ. ದಾರವೇ ನನ್ನ ಅಳತೆಗಿಂತ ಒಂದು ಬಟ್ಟು, ಒಂದು ಬೆರಳಿನಗಲ, ಉದ್ದವಿತ್ತು. ಅದೂ ಅಲ್ಲದೆ ನಾನು ಕೊಟ್ಟದ್ದು ಬಿಳಿ ದಾರ, ಇದು ಹಳದಿ.

ಎಲ್ಲರೂ ಕಟ್ಟೆಯ ಕಡೆ ತಿರುಗಿದೆವು. ಅತ್ತೆ ಅಡಿಕೆ ಕತ್ತರಿಸುತ್ತಿದ್ದರು.

"ನನ್ನ ಯಾಕ ನೋಡ್ತೀರಿ? ಇಕಿ ಅಳತಿಗೆ ಸರೀ ಕಟ್ಟಾಕಟ್ಟಿ ಕಡದಿದ್ದಳು. ನಾ ಅದನ್ನ ಒಗದು ಬ್ಯಾರೆ ಕಡದು ಕೊಟ್ಟೆ."

"ಯಾಕ್ರಿ ಅತ್ತಿ?"

"ಯಾಕಂತಿಯಲ್ಲ, ಶಾಣ್ಯಾಕಿ! ಜೀವ ಇದ್ದವರ ಸಾಮಾನಿಗೆ ಕಟ್ಟಾಕಟ್ಟಿ ಅಳತಿ ಹಿಡೀತಾರೇನು ಬೇ? ನಿಮ್ಮ ಮಾವಾರು ಹೋದಾಗ ಅವರ ಪಾದದಲೇ ಅಳದು ಕುಣಿ ತಗದ್ರು, ಅದಕ್ಕ ಕಟ್ಟಾಕಟ್ಟಿ ಬೇಕು. ತೊಟ್ಟಲಕ್ಕ, ಕುಬಸಕ್ಕ, ಬಾಗಲಕ್ಕ ಒಂದು ಬಟ್ಟು ಹೆಚ್ಚಿಗಿ ಬಿಡಬೇಕು. ನಮ್ಮವ್ವ ಬಿಟ್ಟಾಳ, ನಾ ಬಿಟ್ಟೇನಿ."

ಅದು ನಿಜ. ನಮ್ಮ ಮನೆಯಲ್ಲಿ ಬಾಗಿಲಿನ ಪರದೆಗಳು ನೆಲ ಗುಡಿಸುತ್ತಿದ್ದವು, ದಿಂಬಿನ ಚೀಲಗಳು ದಿಂಬಿಗಿಂತ ದೊಡ್ಡವಿದ್ದವು. ನಾನು ಮದುವೆಯಾಗಿ ಬಂದ ಮೇಲೆ ಮೈಗೆ ಸರಿಯಾದ ಕುಬಸ ತೊಟ್ಟವಳೇ ಅಲ್ಲ.

"ಗಾಡಿಗೆ ಜೀವ ಎಲ್ಲಿ ಅದರಿ ಅತ್ತಿ?"

"ಗಾಡಿಗಿಲ್ಲ. ಒಳಗ ಕುಂತ ನಿನಗದ ಅಲ್ಲ?"

ಹುಸೇನಸಾಬರು ಗಡ್ಡದಲ್ಲಿ ನಕ್ಕರು. ನನಗೆ ನಗೆ ಬರಲಿಲ್ಲ. ನಾಳೆಯ ಕ್ಯಾಂಪಿಗೆ ಮೊದಲು ಗುಲಬರ್ಗಾಕ್ಕೆ ಹೋಗಿ ಬರುವ ಬಸ್ಸಿರಲಿಲ್ಲ. ಕತ್ತರಿಸಿ ಸಣ್ಣ ಮಾಡಬಹುದೇ ಎಂದು ಕೇಳಿದೆ. "ರಬ್ಬರ ಕಡೀಬಹುದು. ತಗಡಿನ ಪಟ್ಟಿ ಕಡದ್ರ ರಬ್ಬರ ಹಿಡಿಯಾಕ ಏನೂ ಉಳಿಯಂಗಿಲ್ಲ, ಜಾರಿ ಬೀಳ್ತದ" ಎಂದರು ಹುಸೇನಸಾಬರು. ಆಮೇಲೆ ಎಡಗಡೆಯದನ್ನು ಕಿತ್ತು, ಬಲಗಡೆಯದೊಂದನ್ನೇ ಬಿಟ್ಟು ಗುಂಡಿ ಎಳೆಯಲು ಹೇಳಿದರು. ಅದು ಮೇಲಿನ ಅಂಚಿಗೆ ಸ್ವಲ್ಪ ತಾಗಿದರೂ ನಿಲ್ಲದೆ ತಿರುಗಿತು.

"ಒಂದಿದ್ರ ನಡೀತದ" ಎಂದರು.

"ಆ ಇನ್‌ಸ್ಪೆಕ್ಟರ ಎರಡೂ ಬೇಕಂದಾನ" ಎಂದರು ನಮ್ಮವರು. "ಎರಡೂ ಹಾಕಿ ಬಿಡ್ರಿ. ಚಾಲೂ ಮಾಡೋದು ಬ್ಯಾಡ. ನೋಡಾಕ ಅದಾವಲ್ಲ, ಸಾಕು."

"ಮಳಿ ಬಂದ್ರ?"

"ತಿಂಗಳ ಪೂರಾ ಬಂದಿಲ್ಲ, ನಾಳಿಗೇ ಬರ್ತದೇನು? ನಿಂದು ಬರೀ ಫಿಕರ್."

ಉತ್ತರೆಯ ಮಳೆ ಇನ್ನೂ ಬಾಕಿಯಿತ್ತು. ಹುಸೇನಸಾಬರು ಎಡಗಡೆಯದನ್ನು ಮತ್ತೆ ಹಾಕುವಾಗ ನಾನು ಹತ್ತಿರ ನಿಂತು ನೋಡಿದೆ. ಕೊಂಡಿ ಎಲ್ಲಿ ಒತ್ತಬೇಕು, ಯಾವ ಕಡೆ ಎಳೆಯಬೇಕು ಎಂದು ಕೇಳಿ, ನಾನೇ ಒಮ್ಮೆ ತೆಗೆದು ಹಾಕಿದೆ. ಉಗುರು ಮುರಿಯಿತು. "ನಿಮಗ್ಯಾಕ್ರಿ ಈ ಕೆಲಸ?" ಎಂದರು ಅವರು. ಗೊತ್ತಿರಲಿ ಎಂದೆ.

ಮರುದಿನ ಪ್ರವಾಸಿ ಮಂದಿರದ ಆವರಣದಲ್ಲಿ ಟ್ರ್ಯಾಕ್ಟರು, ಟೆಂಪೋ, ಜೀಪುಗಳು ಸಾಲಾಗಿ ನಿಂತಿದ್ದವು. ಹೆಂಗಸು ಎಂದು ಇದ್ದವಳು ನಾನೊಬ್ಬಳೇ. ಅತ್ತೆಯನ್ನು ಸೇರಿಸಿದರೆ ಇಬ್ಬರು. ಆಕಾಶ ಬೆಳಗಿನಿಂದಲೇ ಇಳಿದು ಬಂದಿತ್ತು. ನನ್ನ ಸರದಿ ಹತ್ತಿರ ಬಂದಾಗ ಮೊದಲ ಹನಿಗಳು ಗಾಜಿನ ಮೇಲೆ ಬಿದ್ದವು, ಇನ್‌ಸ್ಪೆಕ್ಟರು ನಮ್ಮ ಗಾಡಿಯ ಹತ್ತಿರ ಬರುವಷ್ಟರಲ್ಲಿ ಸುರಿಯತೊಡಗಿತು. ಅವರು ಬ್ಲೇಡುಗಳ ಕಡೆ ಒಂದು ನೋಟ ಹಾಯಿಸಿ, "ಹಾಕಿಸಿದ್ರಿ, ಒಳ್ಳೇದು" ಎನ್ನುತ್ತ ಓಡಿ ಬಂದು ಎಡಗಡೆಯ ಬಾಗಿಲು ತೆಗೆದು ಕುಳಿತರು. ಆಮೇಲೆ ಹಿಂದೆ ತಿರುಗಿದರು. ಅತ್ತೆ ತೊಡೆಯ ಮೇಲೆ ಛತ್ರಿ ಇಟ್ಟುಕೊಂಡು ಕುಳಿತಿದ್ದರು.

"ಅಜ್ಜಿ, ನೀವು ಇಳೀಬೇಕು."

"ಇಂಥ ಮಳ್ಯಾಗ ಮುದುಕಿನ್ನ ಇಳಸ್ತೀರೇನ್ರಿ? ನಿಮಗ ತಾಯಿ ಅದಾಳಿಲ್ಲ?"

ಅವರು ಉಸಿರು ಬಿಟ್ಟು ಮುಂದೆ ತಿರುಗಿದರು. "ನಡೀರಿ ಅಮ್ಮಾ. ವೈಪರ್ ಹಾಕಿ."

ವರಾಂಡದಲ್ಲಿ ನಿಂತಿದ್ದ ನಮ್ಮವರು ಅಲ್ಲಿಂದಲೇ ಬೇಡವೆಂದು ಕೈ ಅಲ್ಲಾಡಿಸುತ್ತಿದ್ದರು. ಗಾಜಿನ ಮೇಲೆ ನೀರು ಪರದೆಯಂತೆ ಇಳಿಯುತ್ತಿತ್ತು. ಹಾಗೆಯೇ ನಡೆಸುವ ಮಾತೇ ಇರಲಿಲ್ಲ. ಗುಂಡಿ ಎಳೆದೆ. ಎರಡೂ ಒಂದರ ಮೇಲೊಂದು ಏರಿ ನಿಂತವು.

"ಇದೇನಮ್ಮಾ, ಕುಸ್ತಿ?"

"ಉದ್ದ ಆಗ್ಯಾವ್ರಿ. ಅಳತಿ ತಪ್ಪೇದ."

"ಹಾಗಾದ್ರೆ ಇವತ್ತೂ ಆಗಲ್ಲ ಬಿಡಿ." ಅವರ ಕೈ ಬಾಗಿಲಿನ ಹಿಡಿಕೆಗೆ ಹೋಯಿತು.

"ಒಂದು ನಿಮಿಷ ಕೂಡ್ರಿ ಸಾಹೇಬ್ರ."

ಗುಂಡಿ ಒತ್ತಿ, ಸೆರಗು ಸಿಕ್ಕಿಸಿಕೊಂಡು ಕೆಳಗಿಳಿದೆ. ಮಳೆಯಲ್ಲಿ ಗಾಡಿ ಸುತ್ತಿ ಅವರ ಕಡೆಗೆ ಬಂದು, ಎಡಗಡೆಯ ಕಡ್ಡಿ ಎತ್ತಿ, ಕೊಂಡಿ ಒತ್ತಿ ಬ್ಲೇಡು ಎಳೆದೆ. ಮೊದಲ ಸಲ ಜಾರಿತು, ಎರಡನೆಯ ಸಲ ಬಂತು. ಸಾಲಿನಲ್ಲಿದ್ದ ಟ್ರ್ಯಾಕ್ಟರಿನವನೊಬ್ಬ ಸಿಳ್ಳೆ ಹಾಕಿದ. ಒಳಗೆ ಬಂದು ಬ್ಲೇಡನ್ನು ಅತ್ತೆಯ ಕೈಗೆ ಕೊಟ್ಟು ಮತ್ತೆ ಗುಂಡಿ ಎಳೆದೆ. ಬಲಗಡೆಯದು ನೀರನ್ನು ಅಂಚಿನಿಂದ ಅಂಚಿಗೆ ತಳ್ಳಿತು. ನನ್ನ ಮುಂದೆ ರಸ್ತೆ ಕಂಡಿತು.

"ನನ್ನ ಕಡೇದು ತೆಗೆದ್ರಲ್ಲ!" ಎಂದರು ಇನ್‌ಸ್ಪೆಕ್ಟರು.

"ಗಾಡಿ ನಡಸಾಕಿ ನಾ ಅಲ್ರಿ?"

"ಪರೀಕ್ಷೆ ಮಾಡೋನು ನಾನಲ್ವಾ? ನನಗೇನು ಕಾಣುತ್ತೆ?"

"ನಾ ಹೇಳ್ತೇನ್ರಿ. ಎದುರಿಗೆ ಏನೇನದ ಎಲ್ಲಾ ಹೇಳ್ತೇನಿ."

ಅವರು ಹೊರಗಿನ ಸಾಲು ನೋಡಿದರು. ಮಳೆ ಈಗ ನಿಲ್ಲುವಂತಿರಲಿಲ್ಲ. ನನ್ನ ಸೀರೆಯಿಂದ ನೀರು ಅವರ ಬೂಟಿನ ಕಡೆ ಹರಿಯುತ್ತಿತ್ತು. "ಆಯ್ತು, ನಡೀರಿ. ಸರಿ ಇಲ್ಲ ಅನ್ನಿಸಿದ ತಕ್ಷಣ ನಿಲ್ಲಿಸ್ತೀನಿ."

ಗೇಟು ದಾಟಿ ಅತನೂರಿನ ರಸ್ತೆಗೆ ಇಳಿದೆ. ಅವರ ಕಡೆಯ ಗಾಜು ಹಾಲು ಚೆಲ್ಲಿದ ಹಾಗಿತ್ತು. ಪಕ್ಕದ ಗಾಜು ಇಳಿಸಿ ನೋಡಿದರು, ಮುಖಕ್ಕೆ ಮಳೆ ಹೊಡೆಯಿತು, ಮತ್ತೆ ಏರಿಸಿದರು. ಒಂದು ಕೈಯಿಂದ ಮುಂದಿನ ಹಲಗೆ ಹಿಡಿದುಕೊಂಡರು.

"ಎದುರಿಗೆ ಎತ್ತಿನ ಬಂಡಿ ಬರಾಕತ್ತದ್ರಿ. ಬಂಡ್ಯಾಂವ ತಲಿ ಮ್ಯಾಲ ಗೋಣಿಚೀಲ ಹೊತ್ತಾನ, ಅವಗ ನಾವು ಕಾಣಂಗಿಲ್ಲ. ನಾ ನಿಂದ್ರತೇನಿ."

ನಿಂತೆ. ಬಂಡಿ ಹೋಯಿತು.

"ಈಗ ಬಲಕ್ಕ ಚಹಾದಂಗಡಿ. ಒಬ್ಬಾಂವ ಅಂಗಡಿ ಬಿಟ್ಟು ಓಡ್ತಾನ ಅನಸ್ತದ. ಹಾರ್ನ್ ಹೊಡೀತೇನ್ರಿ. ಓಡಲಿಲ್ಲ."

"ಓಡದೇ ಇರೋದನ್ನೂ ಹೇಳಬೇಕಾ?"

"ನಾಯಿ ಅದರಿ" ಎಂದರು ಅತ್ತೆ, ಎರಡು ತಲೆಗಳ ನಡುವಿನಿಂದ ಬಗ್ಗಿ.

"ನಾಯಿ ರಸ್ತೆ ಕೆಳಗದ. ಬರಂಗಿಲ್ಲ. ಮೂರನೇ ಗೇರು ಹಾಕಾಕತ್ತೇನಿ."

ನನಗೆ ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಬಾಯಿ ತನ್ನ ಕೆಲಸ ಮಾಡುತ್ತಿದ್ದರೆ ಕೈಕಾಲು ಅವುಗಳ ಕೆಲಸ ಮಾಡುತ್ತವೆ ಎಂದು ಅಂದು ತಿಳಿಯಿತು. ಸ್ವಲ್ಪ ಹೊತ್ತಿನಲ್ಲಿ ಅವರೂ ಆಕ್ಷೇಪ ಬಿಟ್ಟು, "ಆಮೇಲೆ?" ಎಂದು ಕೇಳತೊಡಗಿದರು.

"ಈ ತಗ್ಗು ದಾಟಿದ ಮೇಲೆ ಎಡಗಡೆ ಒಂದು ಮಣ್ಣು ದಾರಿ ಇದೆ" ಎಂದರು ಆಮೇಲೆ. "ಹೋದ ಸಲ ಬಂದಾಗ ನೋಡಿದ್ದೆ. ಅದಕ್ಕೆ ತಿರುಗಿಸಿ, ರಿವರ್ಸಲ್ಲಿ ಈ ರಸ್ತೆಗೆ ಬನ್ನಿ. ಅಷ್ಟೇ. ಮುಗೀತು."

ಕೈ ಹೊರಗೆ ಹಾಕಿ ತೋರಿಸಿ, ನಿಧಾನಿಸಿದೆ. ದಾರಿ ಅಲ್ಲಿಯೇ ಇತ್ತು. ರಸ್ತೆಯಿಂದ ಅದರೊಳಕ್ಕೆ ನೀರು ಕೆಂಪಗೆ ಹರಿದು ಹೋಗುತ್ತಿತ್ತು. ಆದರೆ ದಾರಿಯ ಬಾಯಲ್ಲಿ ಒಂದು ಗಾಡಿಯ ಅಗಲದಷ್ಟು ಜಾಗದಲ್ಲಿ ನೀರು ಹರಿಯುತ್ತಿರಲಿಲ್ಲ, ನಿಂತಿತ್ತು. ಹನಿಗಳು ಅಲ್ಲಿ ಬೇರೆ ಥರ ಏಳುತ್ತಿದ್ದವು. ಬ್ರೇಕು ತುಳಿದೆ.

"ಯಾಕೆ ನಿಲ್ಲಿಸಿದ್ರಿ? ತಿರುಗಿಸಿ."

"ಅಲ್ಲಿ ಏನೋ ಅದರಿ. ನೀರು ಹರಿಯಾಕತ್ತಿಲ್ಲ."

"ಮಳೆ ಬಂದ್ರೆ ನೀರು ನಿಲ್ಲುತ್ತಮ್ಮಾ. ತಿರುಗಿಸಿ ಅಂದ್ರೆ ತಿರುಗಿಸಬೇಕು. ಹೇಳಿದ್ದು ಮಾಡೋದೇ ಪರೀಕ್ಷೆ."

ಅಲ್ಲಿ ಏನಿದೆ ಎಂದು ನನಗೆ ಗೊತ್ತಿರಲಿಲ್ಲ. ಏನೂ ಇಲ್ಲದೆಯೂ ಇರಬಹುದಿತ್ತು. ಎಷ್ಟೋ ಸಲ ಇಲ್ಲದ್ದಕ್ಕೇ ನಾನು ಕೂಗಿಕೊಂಡದ್ದುಂಟು. ತಿರುಗಿಸಿದರೆ ಪರೀಕ್ಷೆ ಮುಗಿಯುತ್ತದೆ. ತಿರುಗಿಸದಿದ್ದರೆ ಗಾಡಿ ಜೇವರ್ಗಿಗೆ ಹೋಗುತ್ತದೆ. ನಿಂತ ನೀರಿನ ಕಡೆ ಇನ್ನೊಮ್ಮೆ ನೋಡಿ ಹ್ಯಾಂಡ್‌ಬ್ರೇಕ್ ಎಳೆದೆ.

"ನಾ ಒಲ್ಲೆರಿ."

"ಫೇಲ್ ಮಾಡ್ತೀನಿ."

"ಮಾಡ್ರಿ. ನನಗ ಕಾಣದ ಕಡೆ ನಾ ಗಾಡಿ ಹಾಕಂಗಿಲ್ಲ."

ಬಲಗಡೆಯ ಬ್ಲೇಡು ಅಂಚಿಗೆ ಟಕ್ ಎಂದು ತಾಗಿ ತಾಗಿ ತಿರುಗುತ್ತಿತ್ತು. ಅವರು ತಮ್ಮ ಬಿಳಿಯ ಗಾಜನ್ನು ನೋಡಿದರು, ನನ್ನನ್ನು ನೋಡಿದರು. ಕೊನೆಗೆ ಹಿಂದೆ ಕೈ ಚಾಚಿದರು. "ಅಜ್ಜಿ, ಛತ್ರಿ ಕೊಡಿ."

ಛತ್ರಿ ಹಿಡಿದು ಇಳಿದು ಹೋದರು. ನಿಂತ ನೀರಿನ ಹತ್ತಿರ ಹೋಗಿ ಮೊದಲು ಬೂಟು ಮುಂದೆ ಮಾಡಿದರು, ಆಮೇಲೆ ಹಿಂದಕ್ಕೆ ತೆಗೆದುಕೊಂಡರು. ಛತ್ರಿ ಮಡಚಿ ನೀರಿಗೆ ಇಳಿಸಿದರು. ಅದು ಇಳಿಯಿತು, ಇನ್ನೂ ಇಳಿಯಿತು, ಹಿಡಿಯವರೆಗೆ ಇಳಿಯಿತು. ನೀರಿನ ಪೈಪಿಗೆಂದು ಯಾರೋ ತೋಡಿ, ಮುಚ್ಚದೆ ಹೋದ ಕಾಲುವೆ. ಗಾಡಿಯ ಮುಂದಿನ ಗಾಲಿಗಳು ಇಡಿಯಾಗಿ ಹಿಡಿಸುವಷ್ಟು.

ತೊಯ್ದುಕೊಂಡೇ ವಾಪಸು ಬಂದು ಕುಳಿತರು.

"ಛತ್ರಿ ಮುರೀಲಿಲ್ಲ ಅಲ್ರಿ?" ಎಂದು ಕೇಳಿದರು ಅತ್ತೆ.

"ಇಲ್ಲ ಅಜ್ಜಿ." ಕನ್ನಡಕ ತೆಗೆದು ಒರೆಸಿಕೊಳ್ಳಲು ಒಣಗಿದ ಬಟ್ಟೆ ಹುಡುಕಿದರು, ಸಿಗಲಿಲ್ಲ. "ರಿವರ್ಸ್ ಈ ರಸ್ತೆ ಮೇಲೇ ತೋರಿಸಿ. ಹಿಂದೆ ಏನಿದೆ ಅಂತ ಮೊದಲು ಹೇಳಿ."

ಹೇಳಿದೆ. ತೋರಿಸಿದೆ.

ಪ್ರವಾಸಿ ಮಂದಿರದ ವರಾಂಡದಲ್ಲಿ ಅವರು ಸಹಿ ಹಾಕಿದರು. ನಮ್ಮವರು ಅವರ ಕೈಯ ಕಡೆ ನೋಡುತ್ತ ನಿಂತಿದ್ದರು. "ಪಾಸು ಮಾಡಿದ್ದೀನಿ" ಎಂದರು ಇನ್‌ಸ್ಪೆಕ್ಟರು ಅವರಿಗೆ. "ಮಾತು ಜಾಸ್ತಿ. ಆದ್ರೆ ಎಲ್ಲಾ ನೋಡಿ ಆಡೋ ಮಾತು." ನನಗೆ, "ಎಡಗಡೆದಕ್ಕೆ ಸರಿಯಾದ ಅಳತೆದು ಹಾಕಿಸಿ ಅಮ್ಮಾ. ಪಕ್ಕದಲ್ಲಿ ಕೂರೋನ ಕಷ್ಟ ನನಗೆ ಇವತ್ತು ಗೊತ್ತಾಯ್ತು" ಎಂದರು. ಮುಂದಿನ ಗಾಡಿ ಟ್ರ್ಯಾಕ್ಟರು. ಅದಕ್ಕೆ ಗಾಜೇ ಇರಲಿಲ್ಲ.

ಆ ಭಾನುವಾರ ಮಳೆ ಬಿಡುವು ಕೊಟ್ಟಿತ್ತು. ಅತ್ತೆ ಶರಣಬಸಪ್ಪನ ಗುಡಿಗೆ ಹೋಗಬೇಕೆಂದರು. ನಾನು ಗಾಡಿ ತೆಗೆದೆ. ಗುಲಬರ್ಗಾದವರೆಗೆ ಎಲ್ಲೂ ನಿಲ್ಲಿಸಲಿಲ್ಲ. ಅತ್ತೆಯನ್ನು ಗುಡಿಯಲ್ಲಿ ಇಳಿಸಿ, ದೊಡ್ಡಪ್ಪ ಹೇಳಿದ ಸಾಮಾನಿನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಒಳಗೆ ಹೋದೆ. ಅಂಗಡಿಯವನು ನನ್ನ ಹಿಂದೆ ಡ್ರೈವರ್ ಬಂದಾನೆಂದು ಬಾಗಿಲ ಕಡೆ ನೋಡಿದ. ಯಾರೂ ಬರಲಿಲ್ಲ.

"ವೈಪರಿನ ಬ್ಲೇಡ್ ಬೇಕಾಗಿತ್ತು."

"ನಮೂನಿ ತಂದೀರೇನ್ರಿ? ಅಳತಿ?"

"ಗಾಡಿನ ತಂದೇನಿ. ಇದ್ದಷ್ಟು ಅಳತಿವು ತಗೊಂಡು ಹೊರಗ ಬರ್ರಿ. ಒಂದು ತಂಬಿಗಿ ನೀರೂ ತರ್ರಿ."

ಅವನಿಗೆ ವಿಚಿತ್ರವೆನಿಸಿರಬೇಕು, ಆದರೆ ಬಂದ. ಮೊದಲು ಹಾಕಿದ ಜೋಡಿ ಸಣ್ಣದಾಯಿತು; ಗಾಜಿನ ನಡುವೆ ನೀರಿನ ಪಟ್ಟಿ ಉಳಿಯಿತು. "ಇಷ್ಟಿದ್ರ ನಡೀತದ್ರಿ" ಎಂದ. ನಡೆಯುವುದಿಲ್ಲ ಎಂದೆ. ಎರಡನೆಯದನ್ನು ನಾನೇ ಹಾಕಿದೆ. ನೀರು ಸುರಿದು ಗುಂಡಿ ಎಳೆದಾಗ ಎರಡೂ ಒಟ್ಟಿಗೆ ಎದ್ದು, ಒಂದಕ್ಕೊಂದು ತಾಗದೆ, ಅಂಚಿಗೆ ಬಡಿಯದೆ, ಗಾಜಿನ ಮೇಲಿದ್ದ ಹಳೆಯ ಗೀರುಗಳ ಮೇಲೆಯೇ ಹೋಗಿ ಬಂದವು. ನಾನು ಮೊದಲು ನನ್ನ ಸೀಟಿನಿಂದ ನೋಡಿದೆ. ಆಮೇಲೆ ಇಳಿದು, ಎಡಗಡೆಯ ಬಾಗಿಲು ತೆಗೆದು, ಅಲ್ಲಿಯೂ ಕುಳಿತು ನೋಡಿದೆ.

"ಬರಾಬರ್ ಅದಾವ್ರಿ ಅಕ್ಕಾರ" ಎಂದ ಅಂಗಡಿಯವನು. "ಸಾಕ್ ಮಾಡ್ರಿ. ರಬ್ಬರ ಸವೀತದ."

"ಇನ್ನೊಂದು ತಂಬಿಗಿ ಹಾಕ್ರಿ" ಎಂದೆ.